ಗೂಡಿನ ತೂಕ, ಕೂಸಿನ ತೂಕ

ಹೋದ ವರ್ಷ ಕಾರ್ತಿಕದಲ್ಲಿ ನನ್ನ ಅಕ್ಕನಿಗೆ ಹೆರಿಗೆಯಾಯಿತು. ಹೆಣ್ಣು ಮಗು. ತಾಯಿ ಕಾರ್ಡಿನಲ್ಲಿ ತೂಕದ ಜಾಗದಲ್ಲಿ 2.2 ಕೆಜಿ ಎಂದು ಬರೆದು ಅದಕ್ಕೆ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿದ್ದರು. ವಾರ್ಡಿಗೆ ಬಂದವರೊಬ್ಬರು ಕಾರ್ಡು ತಿರುವಿ ನೋಡಿ, "ಬಸುರಿದ್ದಾಗ ಸರಿಯಾಗಿ ಊಟ ಮಾಡಿಲ್ಲ ಇವರು" ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ಅಕ್ಕ ಗೋಡೆ ಕಡೆ ತಿರುಗಿ ಮಲಗಿದಳು. ಪಕ್ಕದಲ್ಲಿ ಕೂತಿದ್ದ ಅವ್ವ ಮೆಲ್ಲಗೆ, "ನಂಗೂ ಹಿಂಗೇ ಅಂದಿದ್ರು" ಎಂದಳು.

ನಾನು ಮೈಸೂರು ಸಂಸ್ಥಾನದ ಸಾರ್ವಜನಿಕ ಆರೋಗ್ಯದ ಇತಿಹಾಸದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಸಿಡುಬು, ಪ್ಲೇಗು, ಮಲೇರಿಯಾಗಳ ವರದಿಗಳನ್ನು ಓದಿಕೊಂಡು ದಿನ ಕಳೆಯುವವಳು. ನಾನೂ ಸಣ್ಣ ಕೂಸಾಗಿಯೇ ಹುಟ್ಟಿದ್ದೆ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಎಷ್ಟಿದ್ದೆ ಎಂದು ಆ ದಿನ ಮೊದಲ ಬಾರಿಗೆ ಅವ್ವನನ್ನು ಕೇಳಿದೆ.

"ಯಾರು ತೂಗಿದ್ರು? ಮೊರದಲ್ಲಿ ಮಲಗಿಸಿದ್ರೆ ಇನ್ನೂ ಅರ್ಧ ಮೊರ ಜಾಗ ಇತ್ತು ಅಷ್ಟೇ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹೇಳಿದಳು: "ಆ ಸಲ ನೂರು ಮೊಟ್ಟೆಗೆ ನಲವತ್ತೆಂಟು ಕೆಜಿ ಗೂಡಾಗಿತ್ತು."

ನಮ್ಮದು ಕನಕಪುರ ಕಡೆಯ ಹಳ್ಳಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದರ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಹೆಸರು ಬದಲಾದರೂ ರಾಗಿ, ರೇಷ್ಮೆ ಇಲ್ಲಿನ ಬದುಕು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಪ್ರತಿ ಲಾಟನ್ನೂ ತೂಗುತ್ತಾರೆ, ಬರೆಯುತ್ತಾರೆ, ಚೀಟಿ ಕೊಡುತ್ತಾರೆ. ಇಷ್ಟೆಲ್ಲ ತೂಗುವ ಸೀಮೆಯಲ್ಲಿ ಕೂಸನ್ನು ತೂಗುವುದು ಯಾವಾಗ ಶುರುವಾಯಿತು, ತೂಕ ಕಡಿಮೆಯಾದರೆ ತಪ್ಪು ತಾಯಿಯದು ಎನ್ನುವ ಮಾತು ಎಷ್ಟು ಸರಿ ಎನ್ನುವ ಪ್ರಶ್ನೆಗಳು ಆ ದಿನದಿಂದ ನನ್ನನ್ನು ಬಿಟ್ಟಿಲ್ಲ.

ಕೆಂಪು ಸುತ್ತಿನ ಹಿಂದಿರುವ ಗೆರೆ 2,500 ಗ್ರಾಂ. ಅದಕ್ಕೆ ನೂರು ವರ್ಷದ ಇತಿಹಾಸವಿದೆ. ಮೊದಲ ಮಹಾಯುದ್ಧ ಮುಗಿದ ಆಸುಪಾಸಿನಲ್ಲಿ ಫಿನ್ಲೆಂಡಿನ ಮಕ್ಕಳ ವೈದ್ಯ ಆರ್ವೋ ಉಲ್ಪೊ, ಇದಕ್ಕಿಂತ ಹಗುರವಾಗಿ ಹುಟ್ಟಿದ ಮಕ್ಕಳನ್ನು ಅವಧಿಗೆ ಮುನ್ನ ಹುಟ್ಟಿದವೆಂದು ಎಣಿಸಬಹುದು ಎಂದ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಗೆರೆಯನ್ನು ಒಪ್ಪಿಕೊಂಡಿತು. ಆದರೆ ಒಂಬತ್ತು ತಿಂಗಳು ತುಂಬಿಯೂ ಸಣ್ಣಗೆ ಹುಟ್ಟುವ ಮಕ್ಕಳು ಎಷ್ಟೋ ಇದ್ದವು. ನಮ್ಮ ದೇಶದಲ್ಲಂತೂ ಅಂಥವು ಬಹಳ. ಹಾಗಾಗಿ 1961ರಲ್ಲಿ ಹೆಸರು ಬದಲಾಗಿ 'ಕಡಿಮೆ ಜನನ ತೂಕ' ಎಂದಾಯಿತು. ದಿನ ತುಂಬದೆ ಹುಟ್ಟುವುದು ಒಂದು, ಹೊಟ್ಟೆಯಲ್ಲೇ ಬೆಳವಣಿಗೆ ಕುಂಠಿತವಾಗುವುದು ಇನ್ನೊಂದು. ಕಾರಣ ಬೇರೆ, ಆರೈಕೆ ಬೇರೆ. ತಕ್ಕಡಿ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ.

ನಮ್ಮ ಸೀಮೆಯ ಹಳೆಯ ಕಾಗದಗಳಲ್ಲಿ ಈ ಅಂಕಿ ಸಿಗುವುದಿಲ್ಲ. ಹಳ್ಳಿಯ ಪಟೇಲರು ಜನನ ಮರಣ ಬರೆದಿಡುತ್ತಿದ್ದರು. ಗಂಡೋ ಹೆಣ್ಣೋ ಎಂದು ಬರೆದರೆ ಮುಗಿಯಿತು. ಆದರೆ ಕಾರಣಗಳು ಬೇರೆ ಬೇರೆ ಕಡತಗಳಲ್ಲಿ ಚೆದುರಿ ಕೂತಿವೆ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಸತ್ತವರ ಲೆಕ್ಕ ಸಿಕ್ಕಿತು. ಬದುಕಿ ಉಳಿದು ಆಮೇಲೆ ಬಸುರಾದವರ ಮೈಯಲ್ಲಿ ಎಷ್ಟು ಕಸುವು ಉಳಿದಿತ್ತೆಂದು ಯಾರೂ ಬರೆಯಲಿಲ್ಲ.

ಇನ್ನೊಂದು ಕಡತ ಮದುವೆಯದು. 1894ರಲ್ಲಿ ಮೈಸೂರು ಸರ್ಕಾರ ಬಾಲ್ಯವಿವಾಹ ತಡೆಯಲು ಕಾನೂನು ತಂದಿತು. ಇಡೀ ದೇಶಕ್ಕೇ ಮುಂಚಿನದು ಎಂದು ನಾವು ಹೆಮ್ಮೆಪಡುವ ಆ ಕಾನೂನು ತಡೆದದ್ದು ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನು! 1929ರ ಶಾರದಾ ಕಾಯ್ದೆ ಅದನ್ನು ಹದಿನಾಲ್ಕಕ್ಕೆ ಏರಿಸಿತು. ಹದಿನೆಂಟಾಗಲು 1978ರವರೆಗೆ ಕಾಯಬೇಕಾಯಿತು. ತಾನೇ ಇನ್ನೂ ಬೆಳೆಯುತ್ತಿರುವ ಹುಡುಗಿ ಬಸುರಾದರೆ ತಿಂದ ಅನ್ನಕ್ಕೆ ಎರಡು ಮೈ ಪೈಪೋಟಿಗೆ ನಿಲ್ಲುತ್ತವೆ. ಹೆರಿಗೆಗಳ ನಡುವೆ ಅಂತರವಿಲ್ಲದಿದ್ದರೂ ಹಾಗೆಯೇ, ಕಳೆದ ರಕ್ತ ತುಂಬಿಕೊಳ್ಳಲು ಮೈಗೆ ಪುರಸೊತ್ತಿರುವುದಿಲ್ಲ. 1930ರಲ್ಲೇ ಸಂತಾನ ನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿದ ಸಂಸ್ಥಾನ ನಮ್ಮದು. ಆದರೆ ಬೆಂಗಳೂರು, ಮೈಸೂರು ಪಟ್ಟಣಗಳ ಆ ಬಾಗಿಲು ಮಾಗಡಿಯ ಹಳ್ಳಿಗೆ ದೂರವಿತ್ತು.

ಹಳ್ಳಿಗೆ ಹತ್ತಿರ ಬಂದ ಪ್ರಯತ್ನವೆಂದರೆ ರಾಮನಗರದ್ದೇ. ಆಗ ಅದರ ಹೆಸರು ಕ್ಲೋಸ್‌ಪೇಟೆ. 1930ರ ದಶಕದಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ನಿನ ನೆರವಿನಿಂದ ಸರ್ಕಾರ ಇಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರವೊಂದನ್ನು ತೆರೆಯಿತು. ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಡುವ ಜಾಗವೂ ಅದಾಯಿತು. ಅಂಥ ಕೇಂದ್ರಗಳ ಕೆಲಸದ ಪಟ್ಟಿಯಲ್ಲಿ ಮಲೇರಿಯಾ, ಕೊಕ್ಕೆಹುಳು, ಪಾಯಿಖಾನೆ, ಬಸುರಿ ಬಾಣಂತಿಯರ ಆರೈಕೆ ಎಲ್ಲವೂ ಒಟ್ಟಿಗಿದ್ದವು. ಮೊದಲು ಇವನ್ನೆಲ್ಲ ಬೇರೆ ಬೇರೆ ವಿಷಯವೆಂದು ಓದಿದ್ದೆ. ಈಗ ಒಂದೇ ಸರಪಳಿಯ ಕೊಂಡಿಗಳಂತೆ ಕಾಣುತ್ತವೆ. ಬರಿಗಾಲಲ್ಲಿ ಹೊಲಕ್ಕೆ ಹೋದವಳ ಕರುಳಿಗೆ ಕೊಕ್ಕೆಹುಳು ಸೇರಿ ರಕ್ತ ಹೀರುತ್ತದೆ. ಮಲೇರಿಯಾ ಉಳಿದ ರಕ್ತವನ್ನೂ ಕೆಡಿಸಿ, ಮಾಸಿನ ಮೂಲಕ ಕೂಸಿಗೆ ಹೋಗುವ ಆಹಾರಕ್ಕೆ ಅಡ್ಡ ನಿಲ್ಲುತ್ತದೆ. ಪಾಯಿಖಾನೆ ಕಟ್ಟಿಸುವುದೂ ಕೂಸಿನ ತೂಕ ಹೆಚ್ಚಿಸುವ ಕೆಲಸವೇ.

ತೂಕವನ್ನೇ ಬರೆದಿಟ್ಟ ಪುಸ್ತಕ ಸಿಕ್ಕಿದ್ದು ಮೈಸೂರಿನಲ್ಲಿ. 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯನ್ನು ಜನ ಇಂದಿಗೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ದಶಕಗಳ ನಂತರ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಮತ್ತು ಮೈಸೂರಿನ ವೈದ್ಯರು ಆ ದಾಖಲೆಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಹತ್ತಿರದಲ್ಲೇ ಇದ್ದ 517 ಜನರನ್ನು ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ನಲವತ್ತೈದು ದಾಟಿದವರಲ್ಲಿ, ಎರಡೂವರೆ ಕೆಜಿ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದವರ ಪೈಕಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ ಇತ್ತು; 3.1 ಕೆಜಿಗಿಂತ ಹೆಚ್ಚಿದ್ದವರಲ್ಲಿ ನೂರಕ್ಕೆ 3. ಸಣ್ಣಗೆ ಹುಟ್ಟಿದವರಲ್ಲೂ, ಬಸುರಿದ್ದಾಗ ತಾಯಿಯ ತೂಕ 45 ಕೆಜಿಗಿಂತ ಕಡಿಮೆ ಇದ್ದವರ ಪಾಲು ನೂರಕ್ಕೆ 20. ಅಂದು ತಕ್ಕಡಿ ನೋಡಿ ಬರೆದ ದಾದಿಯರಿಗೆ ತಾವು ಇಷ್ಟು ದೊಡ್ಡ ಸತ್ಯಕ್ಕೆ ಸಾಕ್ಷಿ ಬರೆಯುತ್ತಿದ್ದೇವೆಂದು ತಿಳಿದಿರಲಿಕ್ಕಿಲ್ಲ.

ಆ 45 ಕೆಜಿಯ ತಾಯಿ ಒಂಬತ್ತು ತಿಂಗಳಲ್ಲಿ ಹಾಗಾದವಳಲ್ಲ ಎನ್ನುವುದು ನನಗೆ ಮುಖ್ಯವಾಗಿ ಕಂಡಿತು. ಅವಳ ಎತ್ತರ ತೀರ್ಮಾನವಾದದ್ದು ಅವಳ ಬಾಲ್ಯದಲ್ಲಿ. ಇನ್ನೂ ಹಿಂದೆ ಹೋಗಬಹುದು. ಹೆಣ್ಣುಕೂಸು ಗರ್ಭದಲ್ಲಿರುವಾಗಲೇ ಅದರ ಅಂಡಾಣುಗಳೂ ರೂಪುಗೊಂಡಿರುತ್ತವೆ. ನಾನು ಯಾವ ಅಂಡದಿಂದ ಹುಟ್ಟಿದೆನೋ ಅದು ನನ್ನ ಅಜ್ಜಿಯ ಹೊಟ್ಟೆಯೊಳಗೆ, ಅವ್ವನ ಜೊತೆಗೆ ಇತ್ತು. ಹೀಗಿರುವಾಗ ಅಕ್ಕನ ಕೂಸಿನ ತೂಕಕ್ಕೆ ಅಕ್ಕನೊಬ್ಬಳ ಊಟದ ತಟ್ಟೆ ಮಾತ್ರ ಹೇಗೆ ಜವಾಬು ಕೊಟ್ಟೀತು?

ಊಟದ ಮಾತನ್ನೇ ಅವ್ವನಲ್ಲಿ ಕೇಳಿದೆ. "ಜಾಸ್ತಿ ತಿಂದ್ರೆ ಕೂಸು ದಪ್ಪ ಆಯ್ತದೆ, ಹೆರೋಕೆ ಕಷ್ಟ ಅನ್ನೋರು ನಿಮ್ಮಜ್ಜಿ" ಎಂದಳು. ನಾನು ಇದನ್ನು ಮೂಢನಂಬಿಕೆ ಎಂದು ಬರೆದುಕೊಳ್ಳಲು ಹೊರಟಿದ್ದೆ. ಆಮೇಲೆ ಯೋಚಿಸಿದರೆ, ಆಸ್ಪತ್ರೆ ಹತ್ತಿರವಿಲ್ಲದ ಕಾಲದಲ್ಲಿ ಗಿಡ್ಡ ಮೈಕಟ್ಟಿನ ಹೆಂಗಸಿಗೆ ಕೂಸು ಅಡ್ಡ ಸಿಕ್ಕಿಕೊಂಡರೆ ಇಬ್ಬರೂ ಉಳಿಯುತ್ತಿರಲಿಲ್ಲ. ಅಜ್ಜಿಯ ಮಾತು ತಪ್ಪೇ, ಆದರೆ ಅದರ ಹಿಂದಿದ್ದ ಭಯ ನಿಜವಾದದ್ದು.

ಇನ್ನು ಕೆಲಸ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ತಾನು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ತಿನ್ನುತ್ತದೆ. ಆಗ ಹಸಿವು ಬಿಟ್ಟರೆ ಗೂಡು ಹಗುರ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಕೂಸೂ ಹಾಗೆಯೇ, ಹುಟ್ಟುವಾಗಿನ ತೂಕದ ಮೂರರಲ್ಲಿ ಎರಡು ಪಾಲು ಬರುವುದು ಕೊನೆಯ ಮೂರು ತಿಂಗಳಲ್ಲಿ. ನನ್ನ ಅವ್ವನಿಗೆ ಎಂಟು ತುಂಬಿದ್ದಾಗ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿತ್ತು. ಸೊಪ್ಪು ಕೊಯ್ದು, ಹೊರೆ ಹೊತ್ತು, ನಡುರಾತ್ರಿ ಎದ್ದು ತಟ್ಟೆಗಳಿಗೆ ಹಾಕಿದ್ದು ಅವಳೇ. "ಹುಳುಗೆ ಹಾಕ್ದೆ ಮಲಗಕ್ಕಾಯ್ತದಾ?" ಎಂದು ಇಂದಿಗೂ ಕೇಳುತ್ತಾಳೆ. ತಾನು ಉಂಡಳೇ ಎಂದು ಕೇಳಿದವರು ನೆನಪಿಲ್ಲ ಅವಳಿಗೆ.

ಕಾಲ ಬದಲಾಗಿಲ್ಲವೆಂದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ, ಕಬ್ಬಿಣದ ಮಾತ್ರೆ ಕೊಡುತ್ತಾಳೆ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟವಿದೆ. ಆದರೂ ಅದೇ ಸಮೀಕ್ಷೆಯಲ್ಲಿ ರಾಜ್ಯದ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ; ದೇಶದಲ್ಲಿ ತೂಗಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 18 ಎರಡೂವರೆ ಕೆಜಿಯ ಕೆಳಗೆ. ತಕ್ಕಡಿ ಎಲ್ಲ ಕಡೆ ಬಂದಿದೆ, ಮುಳ್ಳು ಸರಿದದ್ದು ನಿಧಾನ.

ತೂಗುವುದನ್ನು ನಾನು ಹಳಿಯುತ್ತಿಲ್ಲ. ತೂಗದಿದ್ದರೆ ಅಕ್ಕನ ಮಗುವನ್ನು ಎದೆಗೆ ಮೈಗೆ ಮೈ ತಾಗಿಸಿ ಬೆಚ್ಚಗಿಡಬೇಕೆಂದು, ಪದೇ ಪದೇ ಹಾಲೂಡಿಸಬೇಕೆಂದು ಯಾರೂ ಹೇಳುತ್ತಿರಲಿಲ್ಲ. ಆ ಪದ್ಧತಿ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಕೂಸುಗಳಿಗೆ ಸಾಲುವಷ್ಟು ಇನ್‌ಕ್ಯುಬೇಟರ್ ಇಲ್ಲದ ಆಸ್ಪತ್ರೆಯಲ್ಲಿ ಹುಟ್ಟಿತು. ನನ್ನನ್ನು ಹೆರಿಸಿದ ಸೂಲಗಿತ್ತಿ ಹಳೆ ಸೀರೆಯಲ್ಲಿ ಸುತ್ತಿ ಅವ್ವನ ಎದೆಗೆ ಒತ್ತಿ ಮಲಗಿಸಿ, "ಇಳಿಸಬೇಡ" ಎಂದಿದ್ದಳಂತೆ. ನನ್ನ ದೂರು ಇರುವುದು ಅಂಕಿಯನ್ನು ಓದುವ ಬಗೆಯ ಮೇಲೆ. ಬರ, ಮದುವೆಯ ವಯಸ್ಸು, ಕೊಕ್ಕೆಹುಳು, ಸೊಪ್ಪಿನ ಹೊರೆ ಇವಿಷ್ಟೂ ಸೇರಿ ಬರೆದ ಅಂಕಿಯ ಕೆಳಗೆ ನಾವು ಒಬ್ಬ ಹೆಂಗಸಿನ ಸಹಿ ಹಾಕಿಸುತ್ತಿದ್ದೇವೆ.

ಮೂರನೇ ದಿನ ಅಕ್ಕನ ಮಂಚದ ಬಳಿ ಕೂತು ಇದನ್ನೇ ನನಗೆ ತಿಳಿದ ಮಾತಿನಲ್ಲಿ ಹೇಳಿದೆ. ಅಕ್ಕ ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ಅವ್ವ ಮಾತ್ರ, "ಇದ ಅವತ್ತೇ ಯಾರಾದ್ರೂ ಹೇಳಿದ್ರೆ" ಎಂದು ನಿಲ್ಲಿಸಿದಳು.

ಈಗ ನಾನು ಹಾಸ್ಟೆಲಿನಲ್ಲಿದ್ದೇನೆ. ಅಂಗನವಾಡಿಯಲ್ಲಿ ಕೂಸನ್ನು ತೂಗಿದ ದಿನ ಸಂಜೆ ಅವ್ವ ಫೋನ್ ಮಾಡುತ್ತಾಳೆ. ಹೋದ ತಿಂಗಳು ನಾಲ್ಕು ಕೆಜಿ ಇನ್ನೂರು ಗ್ರಾಂ ಇತ್ತು. ನನ್ನ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಲ್ಲಿ ದಿನಾಂಕ ಹಾಕಿ ಬರೆದಿಟ್ಟುಕೊಂಡಿದ್ದೇನೆ.