ಪದವಿ ವ್ಯಾಸಂಗದಲ್ಲಿ ಸಂಗೀತ: ಪಾಲಕರು ಅರಿಯಬೇಕಾದುದು

ಪಿಯುಸಿ ಮುಗಿಸಿದ ಮಗನೋ ಮಗಳೋ ಸಂಗೀತವನ್ನೇ ಓದುವೆನೆಂದಾಗ ಹೆತ್ತವರಿಗೆ ಜೀವನೋಪಾಯದ ಚಿಂತೆ ಮೂಡುವುದು ಸಹಜ. ಮುಗಳಖೋಡ ಹಾಗೂ ಸುತ್ತಲಿನ ಸದ್ಭಕ್ತರ ತಿಳಿವಿಗಾಗಿ ಈ ವಿಷಯದ ಮುಖ್ಯಾಂಶಗಳನ್ನು ಇಲ್ಲಿ ನಿರೂಪಿಸಿದ್ದೇವೆ.

ನಮ್ಮ ಗಡಿಸೀಮೆಗೆ ಸಂಗೀತವಿದ್ಯೆ ಹೊಸತಲ್ಲ. ಕಾಗವಾಡದಾಚೆಯ ಮಿರಜವು ತಂಬೂರಿ, ಸಿತಾರಗಳ ತಯಾರಿಕೆಗೆ ಹೆಸರಾದುದು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ ಊರು. ಕುರುಂದವಾಡದಲ್ಲಿ 1872ರಲ್ಲಿ ಜನಿಸಿದ ವಿಷ್ಣು ದಿಗಂಬರ ಪಲುಸ್ಕರರು ಮಿರಜದಲ್ಲಿ ಕಲಿತು, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಗುರುಗೃಹದ ವಿದ್ಯೆಯು ತರಗತಿ, ಪಠ್ಯಕ್ರಮ, ಪರೀಕ್ಷೆಗಳ ವ್ಯವಸ್ಥೆಗೆ ಒಳಪಟ್ಟು ಸಾರ್ವಜನಿಕರಿಗೆ ದೊರೆಯುವಲ್ಲಿ ಅವರ ಪಾತ್ರ ಹಿರಿದು.

ಗಾಂಧರ್ವ ಮಂಡಲದ ವಿಶಾರದ ಮೊದಲಾದ ಪರೀಕ್ಷೆಗಳು ಬೇರೆ, ವಿಶ್ವವಿದ್ಯಾಲಯದ ಪದವಿ ಬೇರೆ. ಬಿ.ಎ.ಯಲ್ಲಿ ಸಂಗೀತವನ್ನು ಇತರ ವಿಷಯಗಳೊಡನೆ ಓದಬೇಕು, ಬಿ.ಮ್ಯೂಸಿಕ್‌ನಂತಹ ಪದವಿಗಳಲ್ಲಿ ಅದೇ ಪ್ರಧಾನ. ರಾಗ, ತಾಳ, ಸ್ವರಲಿಪಿ, ಘರಾಣೆಗಳ ಇತಿಹಾಸ ಇವು ಶಾಸ್ತ್ರಭಾಗ. ಪರೀಕ್ಷಕರ ಎದುರು ಹಾಡಿ ಅಥವಾ ನುಡಿಸಿ ತೋರುವುದು ಪ್ರಾಯೋಗಿಕ ಭಾಗ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯವಿದೆ. ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವಿದೆ.

ಜೀವನೋಪಾಯಕ್ಕೆ ಪದವಿಯೊಂದೇ ಸಾಲದು. ಕಾಲೇಜಿನಲ್ಲಿ ಬೋಧಿಸಲು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತೆ, ಇಲ್ಲವೇ ಪಿಎಚ್.ಡಿ. ಬೇಕು. ಆಕಾಶವಾಣಿಯಾದರೋ ಧ್ವನಿಪರೀಕ್ಷೆ ನಡೆಸಿ ಕಲಾವಿದರಿಗೆ ಶ್ರೇಣಿ ನೀಡುತ್ತದೆ. ಅಲ್ಲಿ ಸಾಧನೆಯೇ ಮಾತನಾಡಬೇಕು.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆ ಇದಕ್ಕೆ ಸಾಕ್ಷಿ. ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಅಂಧರಾಗಿದ್ದೂ ಹಿಂದುಸ್ತಾನಿ, ಕರ್ನಾಟಕಿ ಎರಡರಲ್ಲೂ ಪಾರಂಗತರಾಗಿ, ಅಸಂಖ್ಯ ಅಂಧ ಹಾಗೂ ಬಡ ಮಕ್ಕಳಿಗೆ ವಿದ್ಯೆಯ ಜೊತೆಗೆ ಬಾಳಿನ ದಾರಿಯನ್ನೂ ಕಲ್ಪಿಸಿದರು. ಅಲ್ಲಿ ಪಳಗಿಸಿದ್ದು ನಿತ್ಯದ ರಿಯಾಜು.

ಆದ್ದರಿಂದ ಕಾಲೇಜು ಸೇರಿದ ಮೇಲೂ ಗುರುವನ್ನು ಬಿಡಿಸಬಾರದೆಂಬುದು ನಮ್ಮ ಅಭಿಪ್ರಾಯ. ಪದವಿಯು ಉದ್ಯೋಗದ ಬಾಗಿಲವರೆಗೆ ಕರೆದೊಯ್ಯಬಲ್ಲದು. ಕಂಠವನ್ನು ಹದಗೊಳಿಸುವುದು ಗುರುಮುಖದ ಪಾಠ. ಪ್ರವೇಶ ಪಡೆಯುವ ಮೊದಲು ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳಿರಿ: ಆಯ್ದ ಗಾಯನ ಅಥವಾ ವಾದ್ಯಕ್ಕೆ ಕಾಯಂ ಅಧ್ಯಾಪಕರು ಇದ್ದಾರೆಯೇ? ಅಭ್ಯಾಸಕ್ಕೆ ತಬಲಾ ಸಾಥ್ ದೊರೆಯುವುದೇ? ಮುಂದಿನ ಸ್ನಾತಕೋತ್ತರ ವ್ಯಾಸಂಗಕ್ಕೆ ಆ ಪದವಿ ಮಾನ್ಯವೇ? ಇವಕ್ಕೆ ಸಮರ್ಪಕ ಉತ್ತರ ದೊರೆತು, ಮಗುವಿಗೆ ದಿನವೂ ಬೆಳಗಿನ ಜಾವ ಎದ್ದು ಸ್ವರ ಹಚ್ಚುವ ಹಂಬಲವಿದ್ದರೆ, ಸಂತೋಷದಿಂದ ಹರಸಿ ಕಳುಹಿಸಿರಿ.