ವಾಟ್ಸಾಪ್ ಒಳಗೆ ಕೂತಿರುವ ಅಪರಿಚಿತ ಭಾಷೆ

ಅಳದಂಗಡಿ ಪೇಟೆಯಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾಯ್ತಾ ನಿಂತಿದ್ದೀರಿ ಅಂದ್ಕೊಳ್ಳಿ. ಬೆಂಗಳೂರಲ್ಲಿರುವ ಅಕ್ಕನಿಂದ ವಾಟ್ಸಾಪ್ ಮೆಸೇಜ್ ಬರುತ್ತೆ: 'ನಮ್ಮ ಯಾತ್ರಿಯಲ್ಲಿ ಆಟೋ ಸಿಕ್ತು.' ಚಿಕ್ಕ ಮೆಸೇಜು. ಆದರೆ ಇದರ ಹಿಂದೆ, ಬಹುಪಾಲು ಪ್ರೋಗ್ರಾಮರ್‌ಗಳು ಕೈ ಹಾಕದ ಎರಡು ಭಾಷೆಗಳಿವೆ. ವಾಟ್ಸಾಪ್ ಸರ್ವರ್ ಬೆಳೆದದ್ದು ಎರ್ಲಾಂಗ್‌ನಲ್ಲಿ, ನಮ್ಮ ಯಾತ್ರಿಯದ್ದು ಹ್ಯಾಸ್ಕೆಲ್‌ನಲ್ಲಿ.

ಎರ್ಲಾಂಗ್ ಹುಟ್ಟಿದ್ದು 1986ರಲ್ಲಿ, ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ. ಜೋ ಆರ್ಮ್‌ಸ್ಟ್ರಾಂಗ್ ಮತ್ತು ಜೊತೆಗಾರರು ಅದನ್ನು ಟೆಲಿಫೋನ್ ಎಕ್ಸ್‌ಚೇಂಜ್‌ಗಾಗಿ ಮಾಡಿದರು. ಒಂದು ಕರೆ ಕೆಟ್ಟರೆ ಉಳಿದ ಕರೆಗಳು ನಿಲ್ಲಬಾರದು, ಅಷ್ಟೇ ಅವರ ಹಟ. ಭಾಷೆ ಚೆನ್ನಾಗೇ ಕೆಲಸ ಮಾಡ್ತು. ಆದರೂ 1998ರಲ್ಲಿ ಎರಿಕ್ಸನ್ನಿನ ರೇಡಿಯೊ ವಿಭಾಗ, ಹೊಸ ಉತ್ಪನ್ನಗಳಿಗೆ ಇದು ಬೇಡ, ಎಲ್ಲರೂ ಬಳಸುವ ಭಾಷೆಯೇ ಇರಲಿ ಅಂತ ನಿಷೇಧ ಹಾಕಿತು. ಅದೇ ವರ್ಷದ ಕೊನೆಗೆ ಎರ್ಲಾಂಗ್‌ನ ಕೋಡ್ ಎಲ್ಲರಿಗೂ ಮುಕ್ತವಾಯಿತು.

2009ರಲ್ಲಿ ಶುರುವಾದ ವಾಟ್ಸಾಪ್‌ನವರು ಭಾಷೆಯ ಹೊಗಳಿಕೆ ಕೇಳಿ ಬಂದವರಲ್ಲ. ಅವರಿಗೆ ಬೇಕಿದ್ದದ್ದು ಚಾಟ್ ಸರ್ವರ್. ಎಜಾಬರ್‌ಡಿ ಅನ್ನೋ ಸಾಫ್ಟ್‌ವೇರ್ ಉಚಿತವಾಗಿ ಸಿದ್ಧವಿತ್ತು, ಅದು ಎರ್ಲಾಂಗ್‌ನಲ್ಲಿತ್ತು. ಅದನ್ನು ತಿದ್ದುತ್ತಾ ತಿದ್ದುತ್ತಾ ಭಾಷೆ ಕಲಿತರು. 2014ರಲ್ಲಿ ಫೇಸ್‌ಬುಕ್ ಕೊಂಡುಕೊಂಡಾಗ ಬಳಕೆದಾರರು ಸುಮಾರು 45 ಕೋಟಿ, ಇಂಜಿನಿಯರ್‌ಗಳು ಮೂವತ್ತರ ಆಸುಪಾಸು!

ಹ್ಯಾಸ್ಕೆಲ್ ಕಥೆಯೂ ಹತ್ತಿರದ್ದೇ. 1990ರಲ್ಲಿ ಅದರ ಮೊದಲ ಆವೃತ್ತಿ ಬಂತು. ಬಹಳ ಕಾಲ 'ಅದು ಪ್ರೊಫೆಸರ್‌ಗಳ ಭಾಷೆ' ಅನ್ನೋ ಮಾತಿತ್ತು. ಬೆಂಗಳೂರಿನ ಜಸ್‌ಪೇ ಕಂಪನಿ ಅದನ್ನು ಹಣ ಪಾವತಿಯ ಕೆಲಸಕ್ಕೆ ಹಚ್ಚಿತು. 2022ರ ನವೆಂಬರ್‌ನಲ್ಲಿ ಆಟೋ ಚಾಲಕರ ಯೂನಿಯನ್ ಜೊತೆ ಕಮಿಷನ್ ಇಲ್ಲದ ನಮ್ಮ ಯಾತ್ರಿಯನ್ನು ತಂದಿತು. ಹ್ಯಾಸ್ಕೆಲ್‌ನಲ್ಲಿ ದುಡ್ಡಿಗೊಂದು, ದೂರಕ್ಕೊಂದು ಟೈಪ್ ಕೊಟ್ಟಿಟ್ಟರೆ, ಅಪ್ಪಿತಪ್ಪಿ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದಾಗ ಪ್ರೋಗ್ರಾಮ್ ಕಂಪೈಲೇ ಆಗೋದಿಲ್ಲ. ಚಾಲಕನ ದಿನದ ದುಡಿಮೆ ಲೆಕ್ಕ ಆಗುವ ಕಡೆ ಇದು ಸಣ್ಣ ವಿಷಯ ಅಲ್ಲ.

ಹಾಗಾದ್ರೆ ಅನುಭವಿ ಪ್ರೋಗ್ರಾಮರ್‌ಗಳು ಯಾಕೆ ಬೇಡ ಅಂತಾರೆ? ಸೋಮಾರಿತನಕ್ಕಲ್ಲ. ಹದಿನೈದು ವರ್ಷ ಪಳಗಿದ ಕೈ, ಹೊಸ ಭಾಷೆಯಲ್ಲಿ ಮತ್ತೆ ಒಂದನೇ ಕ್ಲಾಸಿಗೆ ಕೂರಬೇಕು. ಗಂಟೆಯ ಕೆಲಸಕ್ಕೆ ದಿನ ಹಿಡಿಯುತ್ತೆ. ನಾಳೆ ಆ ಭಾಷೆ ಬಲ್ಲ ಇನ್ನೊಬ್ಬರು ಸಿಗ್ತಾರಾ ಅನ್ನೋ ಚಿಂತೆ ಬೇರೆ. ಆ ಹೆದರಿಕೆ ನ್ಯಾಯವಾದದ್ದೇ.

ಅದಕ್ಕೇ 'ಸರ್, ನಿಮ್ಮ ಭಾಷೆ ಹಳೇದಾಯ್ತು' ಅಂತ ಹೇಳಿ ಯಾರನ್ನೂ ಒಪ್ಪಿಸೋಕಾಗಲ್ಲ. ವಾಟ್ಸಾಪ್‌ನವರು ಬಂದದ್ದು ಓಡುತ್ತಿದ್ದ ಒಂದು ಸಾಫ್ಟ್‌ವೇರ್ ಮೂಲಕ. ನಮ್ಮ ಯಾತ್ರಿಯ ಕೋಡ್ ಕೂಡ ಗಿಟ್‌ಹಬ್‌ನಲ್ಲಿ ಮುಕ್ತವಾಗಿದೆ, ತೆರೆದು ಓದಬಹುದು. ನಿಮ್ಮ ಆಫೀಸಲ್ಲಿ ವಾರಕ್ಕೊಮ್ಮೆ ಕೈಕೊಡುವ ಒಂದು ಸಣ್ಣ ಕೆಲಸ ಇದ್ದೇ ಇರುತ್ತೆ. ಅದನ್ನು ಹೊಸ ಭಾಷೆಯಲ್ಲಿ ಬರೆದು ಸುಮ್ಮನೆ ಓಡೋಕೆ ಬಿಡಿ. ತಿಂಗಳಾದ್ಮೇಲೆ 'ಇದು ಯಾಕೆ ಕೆಡ್ತಾ ಇಲ್ಲ?' ಅಂತ ಸೀನಿಯರ್ ತಾವಾಗೇ ಕೇಳಿದರೆ, ಆಗ ಪಕ್ಕದಲ್ಲಿ ಕುರ್ಚಿ ಹಾಕಿ ಮಾತು ಶುರು ಮಾಡಿ.