ಹೊಟಗಿ ರಸ್ತೆಯ ವಿಮಾನನಿಲ್ದಾಣ: ನೆಲದ ದರ ಮತ್ತು ನೆಲದ ಚರಿತ್ರೆ

ಸೊಲ್ಲಾಪುರದ ಹೊಟಗಿ ರಸ್ತೆಯಲ್ಲಿರುವುದು ನಗರಕ್ಕೆ ಅಂಟಿಕೊಂಡ ಕಿರು ವಿಮಾನನಿಲ್ದಾಣ. ಇದಕ್ಕೆ ಪರ್ಯಾಯವಾಗಿ ಹೈದರಾಬಾದ್ ಹೆದ್ದಾರಿಯ ಬೋರಾಮಣಿಯಲ್ಲಿ ದೊಡ್ಡ ನಿಲ್ದಾಣವನ್ನು ಯೋಜಿಸಿ, ರೈತರ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲಾಯಿತು. ಆದರೆ ಅರಣ್ಯಭೂಮಿಯ ತೊಡಕಿನಿಂದ ಆ ಕಾರ್ಯ ನೆನೆಗುದಿಗೆ ಬಿದ್ದಿತು. ಮುಂದೆ ಬೋರಾಮಣಿ ಸಿದ್ಧವಾದರೆ ಹೊಟಗಿ ರಸ್ತೆಯ ನೆಲವನ್ನು ಅನ್ಯ ಉಪಯೋಗಕ್ಕೆ ಒದಗಿಸಬಹುದೆ? ನಿವೇಶನದ ದರವೊಂದರಿಂದಲೇ ಈ ಪ್ರಶ್ನೆಯನ್ನು ತೀರ್ಮಾನಿಸಲಾಗದು.

ಏಕೆಂದರೆ ಈ ರನ್‌ವೇಗಾಗಿ ಈಗಾಗಲೇ ಬೆಲೆ ತೆತ್ತಾಗಿದೆ. ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಸಹವಿದ್ಯುತ್ ಘಟಕದ ಚಿಮಣಿ ವಿಮಾನಸಂಚಾರಕ್ಕೆ ಅಡ್ಡಿಯೆಂಬ ವಿವಾದ ವರ್ಷಗಟ್ಟಲೆ ನಡೆದು, 2023ರ ಜೂನ್ 15ರಂದು ಅದನ್ನು ಕೆಡವಲಾಯಿತು. ಕಾರ್ಖಾನೆ ಕಬ್ಬು ಬೆಳೆಗಾರರ ಸಹಕಾರಿ ಸಂಸ್ಥೆ; ಸುತ್ತಲಿನದು ಮರಾಠಿಯೊಂದಿಗೆ ಕನ್ನಡವೂ ಮನೆಮಾತಾಗಿರುವ ಸೀಮೆ. ನವೀಕೃತ ನಿಲ್ದಾಣ 2024ರ ಸೆಪ್ಟೆಂಬರ್ 29ರಂದು ಉದ್ಘಾಟನೆಗೊಂಡಿತು. 2025ರ ಜೂನ್‌ನಲ್ಲಿ ಗೋವೆಗೆ ವಿಮಾನಸಂಚಾರ ಆರಂಭವಾಯಿತು.

ಬೋರಾಮಣಿಯ ತೊಡಕು ಬಗೆಹರಿಯುವ ಮುನ್ನ ಈ ನೆಲವನ್ನು ಕಟ್ಟಡಗಳಿಗೆ ಬಿಟ್ಟುಕೊಟ್ಟರೆ ಚಿಮಣಿಯ ನಷ್ಟ ವ್ಯರ್ಥವಾಗುತ್ತದೆ. ಬಗೆಹರಿದ ಬಳಿಕ ಇಲ್ಲಿ ದೊರೆಯುವ ಲಾಭದಲ್ಲಿ ನಷ್ಟ ಉಂಡವರ ಪಾಲೇನು ಎಂಬುದು ಮೊದಲು ನಿಶ್ಚಯವಾಗಬೇಕು. ಆದುದರಿಂದ ಎರಡು ನೆಲಗಳನ್ನೂ ಒಂದೇ ಲೆಕ್ಕದಲ್ಲಿ ಪರಿಶೀಲಿಸುವುದು ಅವಶ್ಯ. ಅಂಥ ಪರಿಶೀಲನೆಗೆ ಕಂದಾಯದ ಕಡತಗಳಷ್ಟೇ ಸಾಲವು. ಜಮೀನು ಬಿಟ್ಟುಕೊಟ್ಟವರ, ಕಬ್ಬು ಸಾಗಿಸಿದವರ ಹೇಳಿಕೆಗಳನ್ನು ಮರಾಠಿ, ಕನ್ನಡ ಎರಡರಲ್ಲಿಯೂ ದಾಖಲಿಸಿಕೊಳ್ಳಬೇಕು. ಚರಿತ್ರಕಾರನ ಹೊಣೆ ಇರುವುದು ಅಲ್ಲಿಯೇ.